ಹುಸೇನಮ್ಮ ಟೀಚರ್ ಕೈಯ ಸುರಕುಂಬಾ

ಈ ಸಲ ರಂಜಾನ್ ಹಬ್ಬದ ದಿನ ನನ್ನ ಊಟ ಕುರುಗೋಡಿನಲ್ಲಿ, ಹುಸೇನಮ್ಮ ಟೀಚರ್ ಮನೆಯಲ್ಲಿ. ಹೊಚ್ಚ ಹೊಸ ಸ್ಟೀಲ್ ತಟ್ಟೆ. ಅಂಗಡಿಯ ಸ್ಟಿಕ್ಕರ್ ಇನ್ನೂ ಪೂರ್ತಿ ಕಿತ್ತು ಬಂದಿರಲಿಲ್ಲ. ತಟ್ಟೆಯಲ್ಲಿ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ. ಥೇಟ್ ನಮ್ಮ ಮನೆಯದೇ ರುಚಿ.

ಇರದೇ ಏನು? ಅಷ್ಟೂ ಅಡುಗೆ ಬಂದದ್ದು ನಮ್ಮ ಪೈಕಿಯವರೇ ಆದ ಪಕ್ಕದ ಸ್ವಾಮಿಗಳ ಮನೆಯಿಂದ.

"ನೀವು ಬರ್ತೀರಂತ ಬೆಳಿಗ್ಗೇನ ಸ್ವಾಮ್ಯಾರ ಮನ್ಯಾಗ ಹೇಳಿಟ್ಟಿದ್ದೆ ರೀ. ನಮ್ಮ ಪಾತ್ರಿ ಒಂದೂ ಮುಟ್ಟಿಸಿಲ್ಲ. ಆರಾಮ ಉಣ್ರಿ" ಅಂದರು ಟೀಚರ್. ಎಷ್ಟು ಸಂಭ್ರಮದಿಂದ ಅಂದರು ಅಂದರೆ, ನಾನು ತಲೆ ಎತ್ತದೆ ಇನ್ನೊಂದು ರೊಟ್ಟಿ ಮುರಿದೆ.

ಯಾರೀ ಹುಸೇನಮ್ಮ ಟೀಚರ್? ಸಿರುಗುಪ್ಪದ ಶಾಲೆಯಲ್ಲಿ ಹದಿನೆಂಟು ವರ್ಷ ನನ್ನ ಪಕ್ಕದ ಕುರ್ಚಿಯವರು. ಅವರದು ಗಣಿತ, ನನ್ನದು ಸಮಾಜ ವಿಜ್ಞಾನ. (ವಿವಿಧತೆಯಲ್ಲಿ ಏಕತೆ ಅನ್ನುವ ಪಾಠವನ್ನು ವರ್ಷವೂ ತಪ್ಪದೆ ಮಾಡಿದವಳು ನಾನೇ.) ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಸಿಟ್ಟು ಬಂದರೆ ಮಾತ್ರ ಉರ್ದು ಮಾತಾಡುವ ಹೆಂಗಸು. ರಿಟೈರ್ ಆದ ಮೇಲೆ ಅವರು ತವರೂರು ಕುರುಗೋಡು ಸೇರಿದರು, ನಾನು ಬಳ್ಳಾರಿಗೆ ಬಂದೆ.

ಪ್ರತಿ ರಂಜಾನ್‌ಗೆ ಅವರು ನನ್ನ ಕೈಗೊಂದು ಪೊಟ್ಟಣ ಕೊಡುತ್ತಿದ್ದರು. ಶಾವಿಗೆ, ಸಕ್ಕರೆ, ಗೋಡಂಬಿ, ಉತ್ತತ್ತಿ, ಗಸಗಸೆ. ಸುರಕುಂಬಾ ಅನ್ನುವ ಹಬ್ಬದ ಪಾಯಸಕ್ಕೆ ಬೇಕಾದ ಸಾಮಾನು, ಬೇಯಿಸದೆ ಹಾಗೇ. ತಮ್ಮ ಮನೆಯಲ್ಲಿ ಉಣ್ಣದವರಿಗೆ ನಮ್ಮ ಕಡೆ ಮುಸ್ಲಿಮರು ಹಬ್ಬ ಮುಟ್ಟಿಸುವುದು ಹೀಗೇ. ನಾನು ಮನೆಗೆ ತಂದು ಹಾಲಿಗೆ ಹಾಕಿ ಕುದಿಸುತ್ತಿದ್ದೆ. ಏನಾಗುತ್ತಿತ್ತು? ನನ್ನದೇ ಪಾಯಸ. ಟೀಚರ್ ಕೈಯ ಸುರಕುಂಬಾ ಹೇಗಿರುತ್ತದೋ ಅಂತ ಆಸೆ ಇತ್ತು. ಆಸೆ ಏನು, ಹಂಬಲವೇ ಇತ್ತು. ಆದರೆ ಬಾಯಿಬಿಟ್ಟು ಕೇಳಲಿಲ್ಲ. ಕೇಳಿದರೆ ಸ್ಟಾಫ್ ರೂಮಿನಲ್ಲಿ ಯಾರೇನು ಅಂದಾರು?

ಹಾಗಂತ ನಾನು ಬಾವಿಯೊಳಗಿನ ಕಪ್ಪೆ ಅಂದುಕೊಳ್ಳಬೇಡಿ. ಹೋದ ವರ್ಷ ಟೂರ್‌ನವರ ಜೊತೆ ವಿಯೆಟ್ನಾಂಗೆ ಹೋಗಿ, ಹೆಸರೂ ಗೊತ್ತಿಲ್ಲದ ಅಜ್ಜಿಯೊಬ್ಬಳ ಅಡುಗೆಮನೆಯಲ್ಲಿ ಕೂತು, ಅಕ್ಕಿ ಹಾಳೆಯಲ್ಲಿ ಸುತ್ತಿದ ಸೊಪ್ಪು ತಿಂದು ಬಂದಿದ್ದೇನೆ. ಅನ್ಯರ ಮನೆಯಲ್ಲಿ ಉಂಡರೆ ಮನಸ್ಸು ದೊಡ್ಡದಾಗುತ್ತದೆ ಅಂತ ಇದೇ ಅಂಕಣದಲ್ಲಿ ಬರೆದೆ. ನೀವೂ ಮೆಚ್ಚಿ ಮೆಸೇಜ್ ಹಾಕಿದಿರಿ. ಆ ಅಜ್ಜಿಯ ಪಾತ್ರೆಯಲ್ಲಿ ಹಿಂದಿನ ದಿನ ಏನು ಬೆಂದಿತ್ತು ಅಂತ ಕೇಳಿದೆನಾ? ಇಲ್ಲ. ದೂರದ್ದಾದರೆ ಅದು ಕಲ್ಚರ್ ನೋಡಿ. ಬಳ್ಳಾರಿಯಿಂದ ಕುರುಗೋಡಿಗೆ ಬಸ್ಸಿನಲ್ಲಿ ಒಂದು ತಾಸಿನ ದಾರಿ. ಅಷ್ಟು ದೂರ ಹೋಗಲು ಈ ದೊಡ್ಡ ಮನಸ್ಸಿನವಳಿಗೆ ಇಷ್ಟು ವರ್ಷ ಹಿಡಿಯಿತು.

ಈ ಸಲ ಗಟ್ಟಿ ಮನಸ್ಸು ಮಾಡಿಕೊಂಡೇ ಹೋಗಿದ್ದೆ. ರೊಟ್ಟಿ ಮುಗಿಸಿ, ಕೈ ತೊಳೆಯುವ ಮೊದಲೇ ಕೇಳಿಬಿಟ್ಟೆ.

"ಟೀಚರ್, ನಿಮ್ಮ ಕೈಯಾಗ ಮಾಡಿದ ಸುರಕುಂಬಾ ಕೊಡ್ರಿ. ಅದಕ್ಕಂತನ ಬಂದೀನಿ."

ಅವರು ಸೆರಗು ಸರಿಮಾಡಿಕೊಂಡರು.

"ಒಂದ್ಸಲ ತಂದಿದ್ನಲ್ರೀ. ನಾ ನಿಮ್ಮ ಸಾಲಿಗೆ ಬಂದ ಮೊದಲ್ನೇ ವರ್ಷ. ನಿಮ್ಮ ಟೇಬಲ್ ಮ್ಯಾಲೆ ಡಬ್ಬಿ ಇಟ್ಟೆ. ಆಮ್ಯಾಲೆ ತಿಂತೀನಿ ಅಂದ್ರಿ. ಸಂಜಿ ತನಕ ಅಲ್ಲೇ ಇತ್ತು. ಬಸ್ಸಿಗೆ ಹೊತ್ತಾತು, ಎತ್ಕೊಂಡು ಹೋದೆ."

ನನಗೆ ನೆನಪೇ ಇಲ್ಲ. ಎಷ್ಟು ತಡಕಾಡಿದರೂ ಇಲ್ಲ. ಅವರಿಗೆ ಮಾತ್ರ ಆ ದಿನ ಪೂರ್ತಿ ನೆನಪಿದೆ. ಮರುವರ್ಷದಿಂದ ಪೊಟ್ಟಣ ಶುರುವಾಯಿತಂತೆ. ನಾನು ಇಷ್ಟು ದಿನ ಅವರ ಪದ್ಧತಿ ಅಂದುಕೊಂಡದ್ದು ನನಗೆ ಅವರು ಕೊಟ್ಟ ಉತ್ತರವಾಗಿತ್ತು.

ಅವರ ದನಿಯಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ಕ್ಷಮೆ ಕೇಳಿ ಹಗುರವಾಗುತ್ತಿದ್ದೆ. ನಿಮ್ಮ ಕಟ್ಟುಪಾಡು ನಿಮಗೆ, ಅದರಾಗೇನೈತಿ ಅಂತ ಅವರೇ ನನ್ನನ್ನು ಸಮಾಧಾನ ಮಾಡಿದರು. ಆಮೇಲೆ ಎರಡೂ ಕೈ ಮುಂದೆ ಹಿಡಿದು ತೋರಿಸಿದರು. ಬೆರಳು ನಡುಗುತ್ತಿದ್ದವು. ಎರಡು ವರ್ಷದಿಂದ ಒಲೆ ಮುಂದೆ ನಿಲ್ಲುವುದಿಲ್ಲವಂತೆ, ಎಲ್ಲ ಸೊಸೆಯೇ ಮಾಡುವುದಂತೆ.

ಸೊಸೆ ಸುರಕುಂಬಾ ತಂದಳು. ಈ ಸಲ ಅವರದೇ ಮನೆಯ, ಅಂಚು ನೆಗ್ಗಿದ ಬಟ್ಟಲಲ್ಲಿ. ಎರಡು ಸಲ ಹಾಕಿಸಿಕೊಂಡೆ. ಚೆನ್ನಾಗಿತ್ತು. ಹಾಗಂದಾಗ ಆ ಹುಡುಗಿ ನಾಚಿಕೊಂಡು, "ಅತ್ತಿ ಮಾಡಿದಂಗ ಆಗೂದಿಲ್ರಿ, ಅವರದ ಬ್ಯಾರೆ" ಅಂದಳು. ಹೇಗೆ ಬೇರೆ ಅಂತ ಕೇಳಿದೆ. ಯೋಚಿಸಿದಳು, ಹೇಳಲು ಬರಲಿಲ್ಲ. ಆ ರುಚಿ ಇನ್ನು ನನಗೆ ಈ ಜನ್ಮದಲ್ಲಿ ಗೊತ್ತಾಗುವುದಿಲ್ಲ.

ವಾಪಸ್ ಬಸ್ಸಿನಲ್ಲಿ ಬರುವಾಗ ನನಗೆ ಅದೇ ಯೋಚನೆ. ಆ ದಿನಗಳಲ್ಲಿ ಟೀಚರ್ ಸಿರಿಗೇರಿಯಿಂದ ಶಾಲೆಗೆ ಓಡಾಡುತ್ತಿದ್ದರು. ಆ ಸಂಜೆ ತುಂಬಿದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಅಷ್ಟು ದೂರ ಹೋಗಿರಬೇಕು. ಮನೆಯಲ್ಲಿ ಯಾರಾದರೂ ಮುಚ್ಚಳ ತೆಗೆದು, ಯಾಕೆ ಹಾಗೇ ಐತಿ ಅಂತ ಕೇಳಿದ್ದರೆ ಏನು ಹೇಳಿದರೋ. ಅವರನ್ನು ಕೇಳುವ ಧೈರ್ಯ ನನಗಾಗಲಿಲ್ಲ.

ನಿಮ್ಮನ್ನು ಕೇಳಬಹುದು: ನಿಮ್ಮ ಟೇಬಲ್ ಮೇಲೆ ಈಗ ಯಾರ ಡಬ್ಬಿ ಇದೆ?