ಪಿಟೀಲಿನ ಪಾಲಿನ ಕೇಕು

ಗಾರೆ ಮೇಸ್ತ್ರಿ ಎಂದರೆ ಆ ಬೀದಿಯಲ್ಲಿ ಗೊತ್ತಿಲ್ಲದವರಿಲ್ಲ. ಗೋಡೆಯ ಮೇಲೆ ಕೈಯಾಡಿಸಿದರೆ ಸಾಕು, ಅದು ಅವನು ಮೆತ್ತಿದ್ದೋ ಬೇರೆಯವರದೋ ಹೇಳಬಹುದು ಎನ್ನುತ್ತಾರೆ. ಸ್ವಲ್ಪ ಉಪ್ಪುಖಾರ ಹಚ್ಚಿದ ಮಾತಿರಬಹುದು, ಆದರೆ ಪೂರ್ತಿ ಸುಳ್ಳಲ್ಲ. ಇಂಥ ಕೈಗುಣದವನು ಮನೆಯಲ್ಲಿ ಒಂದು ಲೋಟ ಚಹಾ ಕಾಸಿದವನಲ್ಲ. ಹಾಲು ಉಕ್ಕಿದರೆ "ಲೇ, ಹಾಲು ಉಕ್ತಿದೆ" ಎಂದು ಕೂತಲ್ಲಿಂದಲೇ ಕೂಗುವ ಪೈಕಿ. ಅವನು ಕೇಕು ಮಾಡುತ್ತೇನೆಂದಾಗ ಹೆಂಡತಿ ಬಿದ್ದು ಬಿದ್ದು ನಕ್ಕಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಕಾರಣ ಮಗಳು. ಹುಟ್ಟಿದಾಗ ಸಣ್ಣ ದನಿಯಲ್ಲಿ ಎಳೆದೆಳೆದು ಅಳುತ್ತಿದ್ದಳೆಂದು ಅಜ್ಜಿ ಅವಳಿಗೆ ಪಿಟೀಲು ಎಂದು ಹೆಸರಿಟ್ಟಿದ್ದಳು. ಶಾಲೆಗೆ ಹೋಗುವ ವಯಸ್ಸಾದರೂ ಆ ಹೆಸರು ಬಿಟ್ಟಿಲ್ಲ. ಈ ಪಿಟೀಲಿಗೆ ಮೊಟ್ಟೆ ಆಗಿಬರುವುದಿಲ್ಲ. ಚಿಕ್ಕವಳಿದ್ದಾಗ ಯಾರದೋ ಹುಟ್ಟುಹಬ್ಬದಲ್ಲಿ ಒಂದು ತುಂಡು ಕೇಕು ತಿಂದವಳಿಗೆ ತುಟಿ ಊದಿ, ಉಸಿರು ಕಟ್ಟಿತು. ಮೇಸ್ತ್ರಿ ಬರಿಗಾಲಲ್ಲೇ ಅವಳನ್ನೆತ್ತಿಕೊಂಡು ಆಸ್ಪತ್ರೆಗೆ ಓಡಿದ್ದ. ಬೇಕರಿಯಲ್ಲಿ ಮೊಟ್ಟೆ ಹಾಕದ ಕೇಕೂ ಸಿಗುತ್ತದೆ ನಿಜ, ಆದರೆ ಅದೇ ಪಾತ್ರೆ, ಅದೇ ಸೌಟು, ಹಾಗಾಗಿ ಅದೂ ಬೇಡ ಎಂದುಬಿಟ್ಟರು ಡಾಕ್ಟರು. ಅಂದಿನಿಂದ ಮನೆಗೆ ಮೊಟ್ಟೆ ಬಂದಿಲ್ಲ. ಪಿಟೀಲೂ ಕೇಕಿನ ಸುದ್ದಿ ಎತ್ತಿಲ್ಲ. ಯಾರಾದರೂ ಕೊಡಲು ಬಂದರೆ "ನನಗೆ ಕೇಕ್ ಇಷ್ಟ ಇಲ್ಲ" ಎನ್ನುತ್ತಿದ್ದಳು. ತಮಗೆ ಅನುಕೂಲವಾದದ್ದನ್ನು ಅಪ್ಪಂದಿರು ಬಲು ಬೇಗ ನಂಬುತ್ತಾರೆ. ಮೇಸ್ತ್ರಿಯೂ ನಂಬಿದ್ದ.

ಒಂದು ಸಂಜೆ ಗೆಳತಿಯೊಬ್ಬಳ ಹುಟ್ಟುಹಬ್ಬದಿಂದ ಮಗಳನ್ನು ಕರೆತರಲು ಹೋದವನು ಬಾಗಿಲಲ್ಲೇ ನಿಂತಿದ್ದ. ಮಕ್ಕಳೆಲ್ಲ ತಿನ್ನುವುದರಲ್ಲಿ ಮುಳುಗಿದ್ದರು. ಪಕ್ಕದ ಹುಡುಗಿ ತನ್ನ ತಟ್ಟೆಯನ್ನು ಪಿಟೀಲಿನ ಕೈಗೆ ಕೊಟ್ಟು ನೀರು ಕುಡಿಯಲು ಎದ್ದುಹೋದಳು. ಪಿಟೀಲು ಅತ್ತ ಇತ್ತ ನೋಡಿ, ತಟ್ಟೆಯನ್ನು ಮೂಗಿನ ಹತ್ತಿರ ತಂದು, ಕಣ್ಣು ಮುಚ್ಚಿ ಉದ್ದಕ್ಕೆ ಒಮ್ಮೆ ವಾಸನೆ ಎಳೆದುಕೊಂಡಳು. ಆಮೇಲೆ ಏನೂ ಆಗದವಳಂತೆ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡಳು.

"ಕೇಕ್ ಇಷ್ಟ ಇಲ್ಲ ಅನ್ನೋದು ಸುಳ್ಳು ಕಣೇ," ಎಂದ, ಮನೆಗೆ ಬಂದು ಹೆಂಡತಿಯ ಹತ್ತಿರ.

"ನನಗೆ ಗೊತ್ತು."

"ಗೊತ್ತಿದ್ದೂ ನನಗೆ ಹೇಳಲಿಲ್ವಲ್ಲ?"

"ಹೇಳಿದ್ರೆ ಏನ್ ಮಾಡ್ತಿದ್ರಿ? ಕೇಕ್‌ಗೆ ಸಿಮೆಂಟ್ ಕಲಸ್ತಿದ್ರಾ?"

ಹೆಂಡತಿಯ ಅಣ್ಣನ ಮನೆಯಲ್ಲಿ ಮೂಲೆ ಸೇರಿದ್ದ ಓವನ್ ಮುಂದಿನ ವಾರವೇ ಇಲ್ಲಿಗೆ ಬಂತು. ಮೊಟ್ಟೆಯ ಬದಲು ಮೊಸರು ಮತ್ತು ಅಡುಗೆ ಸೋಡ ಹಾಕಿದರೆ ಕೇಕು ಉಬ್ಬುತ್ತದೆಂದು ಹೆಂಡತಿ ಎಲ್ಲಿಂದಲೋ ಕೇಳಿ ತಿಳಿದುಕೊಂಡಳು. "ಕೈ ಕೆಸರಾದರೆ ಬಾಯಿ ಮೊಸರು ಅಂತಾರಲ್ಲ, ನಿಮ್ಮ ಕೆಸರು ಕೈಗೆ ಇದೇ ಸರಿ," ಎಂದು ಮೊಸರಿನ ಪಾತ್ರೆಯನ್ನು ಅವನ ಮುಂದೆ ಇಟ್ಟಳು.

ರಜೆಯ ಮಧ್ಯಾಹ್ನಗಳೆಲ್ಲ ಅಡುಗೆಮನೆಯಲ್ಲೇ ಕಳೆಯತೊಡಗಿದವು. ಮೇಸ್ತ್ರಿಯ ತಪ್ಪುಗಳೆಲ್ಲ ಗಾರೆ ಕೆಲಸದವನು ಮಾತ್ರ ಮಾಡಬಹುದಾದ ತಪ್ಪುಗಳು. ಗಾರೆಯನ್ನು ಕಲಸಿದಷ್ಟೂ ಒಳ್ಳೆಯದು ಎಂದು ಬೆಳೆದ ಜೀವ ಅದು. ಕ್ರೀಮನ್ನೂ ಹಾಗೇ ಬಡಿದ, ಬಡಿದ, ಕೊನೆಗೆ ಪಾತ್ರೆಯಲ್ಲಿ ನೀರೊಂದು ಕಡೆ, ಬೆಣ್ಣೆಯೊಂದು ಕಡೆ. "ಹೋಗ್ಲಿ ಬಿಡಿ, ರೊಟ್ಟಿಗಾಯ್ತು," ಎಂದಳು ಹೆಂಡತಿ. ಗೋಡೆ ಕಟ್ಟಿದ ಮೇಲೆ ಮೆತ್ತುವುದಕ್ಕೆ ತಡಮಾಡುವುದು ಸೋಮಾರಿಗಳ ಲಕ್ಷಣವೆಂದು ನಂಬಿದವನು, ಓವನ್‌ನಿಂದ ತೆಗೆದ ಬಿಸಿ ಕೇಕಿಗೇ ಕ್ರೀಮು ಬಳಿದ. ಅದು ಜಾರಿ ತಟ್ಟೆಗಿಳಿದು, ತಟ್ಟೆಯಿಂದ ಕಟ್ಟೆಗಿಳಿಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಇವನು ಓವನ್ನನ್ನು ಬೈದ. ಹೂವು ಮೂಡಿಸಲು ಹೋದಾಗ ಆ ದಪ್ಪ ಬೆರಳುಗಳಿಂದ ಬಂದದ್ದೆಲ್ಲ ಹೂಕೋಸು. ಆಮೇಲೆ ಹೂವಿನ ಆಸೆ ಬಿಟ್ಟು, ದೊಡ್ಡ ಮನೆಗಳ ಛಾವಣಿಯಂಚಿಗೆ ತಾನು ಹಾಕುವ ಬಳ್ಳಿಪಟ್ಟಿಯನ್ನೇ ಕ್ರೀಮಿನಲ್ಲಿ ಎಳೆದು ನೋಡಿದ. ಅದು ಮಾತ್ರ ಕೂದಲೆಳೆಯಷ್ಟೂ ಅಲುಗದೆ ಬಂತು.

ಪಿಟೀಲು ಬಾಗಿಲಿಗೆ ಒರಗಿ ಎಲ್ಲವನ್ನೂ ನೋಡುತ್ತಿದ್ದಳು. ಆದರೆ ಒಂದು ಚೂರನ್ನೂ ಬಾಯಿಗಿಡಲಿಲ್ಲ. "ಆಮೇಲೆ ತಿಂತೀನಪ್ಪ," ಎನ್ನುತ್ತ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದಳು. ಮೇಸ್ತ್ರಿಗೆ ಆಗ ಅರ್ಥವಾಯಿತು. ಅವಳು ಹೆದರಿದ್ದಾಳೆ. ಕೇಕು ಚೆನ್ನಾಗಿ ಬರುವುದು ಅರ್ಧ ಕೆಲಸ, ಮಗಳು ನಂಬಿ ತಿನ್ನುವುದು ಇನ್ನರ್ಧ. ಅದಕ್ಕೆ ಗಾರೆ ಮೆತ್ತುವ ಯಾವ ಕರಣೆಯೂ ಕೆಲಸಕ್ಕೆ ಬರುವುದಿಲ್ಲ.

ಅವಳ ಹುಟ್ಟುಹಬ್ಬದ ಹಿಂದಿನ ದಿನ ಅವನು ಮಗಳನ್ನು ಹತ್ತಿರ ಕೂರಿಸಿಕೊಂಡ. "ಪಾತ್ರೆ ಹೊಸದು, ಹಿಟ್ಟಿನ ಡಬ್ಬ ಹೊಸದು, ಓವನ್ನನ್ನ ನಾನೇ ಉಜ್ಜಿ ಉಜ್ಜಿ ತೊಳೆದಿದೀನಿ. ಮೊಟ್ಟೆಯ ಸೋಂಕೂ ಇಲ್ಲ ಕಣೇ. ನಿನ್ನಾಣೆ."

ಪಿಟೀಲು ಬಹಳ ಹೊತ್ತು ಅವನ ಮುಖ ನೋಡಿದಳು. "ಆಯ್ತಪ್ಪ. ನಾಳೆ ಎಲ್ಲರ ಎದುರು ತಿಂತೀನಿ."

ಮರುದಿನ ಬೆಳಿಗ್ಗೆ ಕೇಕು ಆರಿದ ಮೇಲೆ ಮೇಸ್ತ್ರಿ ರಸಮಟ್ಟ ತಂದು ಅದರ ಮೇಲಿಟ್ಟ. ರಸಮಟ್ಟವೆಂದರೆ ಗೋಡೆ, ನೆಲ ಮಟ್ಟಸವಾಗಿದೆಯೇ ಎಂದು ನೋಡುವ, ಒಳಗೆ ನೀರಗುಳ್ಳೆ ಓಡಾಡುವ ಸಾಧನ. ಗುಳ್ಳೆ ಪಕ್ಕಕ್ಕೆ ಸರಿಯಿತು. ನಡುವೆ ಉಬ್ಬಿದ್ದ ಭಾಗವನ್ನು ಅವನು ಚಾಕುವಿನಲ್ಲಿ ಸವರಿ ತೆಗೆದ. ಬಿಸಾಡುವುದು ಅವನ ಜಾಯಮಾನವಲ್ಲ, ಅದನ್ನು ಸ್ಟೀಲ್ ಡಬ್ಬಿಗೆ ಹಾಕಿ ಮುಚ್ಚಳ ಬಿಗಿದ. ಇನ್ನು ಕೇಕಿಗೆ ಸಕ್ಕರೆನೀರು ಸವರಬೇಕು. ಇದು ಅವನಿಗೆ ತುಂಬ ಹಿಡಿಸಿದ್ದ ಕೆಲಸ. ಇಟ್ಟಿಗೆಗೆ ನೀರು ಕುಡಿಸದೆ ಗಾರೆ ಕಚ್ಚುವುದಿಲ್ಲವಲ್ಲ. ಇಷ್ಟು ದಿನ ಚಮಚದಲ್ಲಿ ಚಿಮುಕಿಸುತ್ತಿದ್ದ. ಇವತ್ತು ಒಂದೇ ಸಮ ಆಗಬೇಕು, ಮೆತ್ತನೆಯ ಬ್ರಷ್ ಬೇಕು. ಮನೆಯಲ್ಲಿದ್ದದ್ದೆಲ್ಲ ಸುಣ್ಣದ ಬ್ರಷ್ಷುಗಳು. ಬೀದಿ ತುದಿಯ ಬೇಕರಿಗೆ ಹೋಗಿ, "ಒಂದು ಮೆತ್ತನೆ ಬ್ರಷ್ ಇದ್ರೆ ಕೊಡಿ, ಸಂಜೆ ತಂದ್ಕೊಡ್ತೀನಿ," ಎಂದ. ಬೇಕರಿಯವನು ಮೊಳೆಗೆ ತೂಗುಹಾಕಿದ್ದ ಒಂದು ಒಣಗಿದ ಬ್ರಷ್ಷನ್ನು ಕೊಟ್ಟ. ಯಾಕೆಂದು ಅವನು ಕೇಳಲಿಲ್ಲ, ಇವನು ಹೇಳಲಿಲ್ಲ. ಕಟ್ಟಡದ ಕೆಲಸದಲ್ಲಿ ಅದೇ ರೂಢಿ, ಒಬ್ಬನ ಬ್ರಷ್ ಎಲ್ಲರ ಬ್ರಷ್. ಡಾಕ್ಟರು ಪಾತ್ರೆ ಅಂದಿದ್ದರು, ಸೌಟು ಅಂದಿದ್ದರು, ಬ್ರಷ್ ಅಂದಿರಲಿಲ್ಲ.

ಸಂಜೆಯ ಹೊತ್ತಿಗೆ ಕೇಕು ಮೇಜಿನ ಮೇಲೆ ಬೆಳ್ಳಗೆ ಕೂತಿತ್ತು. ಅಂಚಿನ ಸುತ್ತ ಬಳ್ಳಿಪಟ್ಟಿ, ಮೂಲೆಗಳು ಸೂಜಿಯಂತೆ ನೇರ. ಪಿಟೀಲಿನ ಗೆಳತಿಯರು ಒಬ್ಬೊಬ್ಬರಾಗಿ ಬರತೊಡಗಿದರು. ಹೇಳಿದ ಮಾತಿಗೆ ತಪ್ಪಬಾರದೆಂದು ಮೇಸ್ತ್ರಿ ಬ್ರಷ್ ಹಿಂದಿರುಗಿಸಲು ಹೊರಟ.

ಬೇಕರಿಯವನು ತಟ್ಟೆ ತುಂಬ ಬನ್ನು ಜೋಡಿಸಿಕೊಂಡು ಅಂಥದ್ದೇ ಇನ್ನೊಂದು ಬ್ರಷ್ಷಿನಿಂದ ಹಳದಿಯಾದದ್ದೇನನ್ನೋ ಬಳಿಯುತ್ತಿದ್ದ.

"ಅದೇನು ಬಳೀತಿರೋದು?"

"ಮೊಟ್ಟೆ. ಹೊಳಪು ಬರ್ಬೇಕಲ್ಲ."

"ಇದೂ ಅದಕ್ಕೇನಾ?" ಎಂದು ಮೇಸ್ತ್ರಿ ಕೈಯಲ್ಲಿದ್ದುದನ್ನು ತೋರಿಸಿದ.

"ಮತ್ತಿನ್ಯಾತಕ್ಕೆ? ಚೆನ್ನಾಗಿ ತೊಳೆದೇ ಕೊಟ್ಟಿದೀನಿ, ಯಾಕೆ?"

ಬ್ರಷ್ಷಿನ ವಿಷಯ ಮೇಸ್ತ್ರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಎಷ್ಟು ತೊಳೆದರೂ ಕೂದಲಿನ ಬುಡದಲ್ಲಿ ಹಿಂದಿನ ಗೋಡೆಯ ಬಣ್ಣ ಉಳಿದೇ ಇರುತ್ತದೆ. ಅವನು ಬ್ರಷ್ಷನ್ನು ಅಲ್ಲೇ ಇಟ್ಟು ಹೊರಟ. ದಾರಿಯುದ್ದಕ್ಕೂ ಲೆಕ್ಕ ಹಾಕಿದ. ಹೇಳದಿದ್ದರೆ? ತೊಳೆದದ್ದಲ್ಲವೇ, ಏನೂ ಆಗಲಿಕ್ಕಿಲ್ಲ. ಹೇಳಿದರೆ ಅವಳು ಇನ್ನು ಜನ್ಮದಲ್ಲಿ ಕೇಕು ಮುಟ್ಟುವುದಿಲ್ಲ, ಅಪ್ಪನ ಮಾತನ್ನೂ ನಂಬುವುದಿಲ್ಲ. ಅವಳ ಮೇಲೇ ಆಣೆ ಇಟ್ಟಿದ್ದನಲ್ಲ! ಮನೆಯ ಬಾಗಿಲು ಬರುವವರೆಗೂ ಆಗಲಿಕ್ಕಿಲ್ಲ, ಆಗಲಿಕ್ಕಿಲ್ಲ ಎಂದುಕೊಂಡೇ ಬಂದ. ಒಳಗೆ ಪಿಟೀಲು ಚಾಕು ಹಿಡಿದು ಅವನಿಗಾಗಿ ಕಾಯುತ್ತ ನಿಂತಿದ್ದಳು. ಹೆದರಿಕೆಗೆ ತುಟಿ ಒಣಗಿತ್ತು, ಆದರೂ ನಗುತ್ತಿದ್ದಳು.

ಮೇಸ್ತ್ರಿ ಅವಳ ಕೈಯಿಂದ ಚಾಕು ತೆಗೆದುಕೊಂಡ. ಗೆಳತಿಯರ ಎದುರೇ ಮಂಡಿಯೂರಿ ಕೂತ.

"ಮಗಾ, ಇದನ್ನ ನೀನು ತಿನ್ನಬಾರದು. ನಾನು ತಪ್ಪು ಮಾಡ್ಬಿಟ್ಟೆ. ಬೇಕರಿಯ ಬ್ರಷ್ ತಂದಿದ್ದೆ, ಅದು ಮೊಟ್ಟೆ ಬಳಿಯೋ ಬ್ರಷ್ಷಂತೆ. ಈಗ ಗೊತ್ತಾಯ್ತು."

ಪಿಟೀಲು ಕೇಕನ್ನು ನೋಡಿದಳು. ಬಳ್ಳಿಪಟ್ಟಿಯ ಸುತ್ತ ಪೂರ್ತಿ ಒಂದು ಸುತ್ತು ಕಣ್ಣಾಡಿಸಿದಳು. ಆಮೇಲೆ ಅಪ್ಪನನ್ನು ನೋಡಿದಳು. ಅವನ ಗಡ್ಡಕ್ಕೆ ಇನ್ನೂ ಕ್ರೀಮು ಅಂಟಿಕೊಂಡಿತ್ತು.

"ಬೆಳಿಗ್ಗೆ ಕತ್ತರಿಸಿ ಡಬ್ಬಿಗೆ ಹಾಕಿದ್ಯಲ್ಲ, ಅದಕ್ಕೂ ಆ ಬ್ರಷ್ ತಾಗಿದೆಯಾ?"

ಮೇಸ್ತ್ರಿ ತಲೆಯೆತ್ತಿದ. "ಇಲ್ಲ. ಅದನ್ನ ಕತ್ತರಿಸಿದ ಮೇಲೇ ನಾನು ಬ್ರಷ್ ತರೋಕೆ ಹೋಗಿದ್ದು."

"ಹಾಗಾದ್ರೆ ಅದನ್ನ ಕೊಡು."

ಹೆಂಡತಿ ಡಬ್ಬಿ ತಂದಳು. ಕ್ರೀಮಿಲ್ಲ, ಬಳ್ಳಿಯಿಲ್ಲ, ಕಂದು ಬಣ್ಣದ ಒಡಕು ಮುಖದ ಒಂದು ಉಬ್ಬು. ಬೇರೆ ತಟ್ಟೆಯಲ್ಲಿ ಅದನ್ನಿಟ್ಟು, ಮೇಲೊಂದು ಮೋಂಬತ್ತಿ ಚುಚ್ಚಿದಳು. ಪಿಟೀಲು ಊದಿದಳು. ಅಂಚಿನಿಂದ ಒಂದು ಚೂರು ಮುರಿದು, ಅಪ್ಪನ ಮುಖ ನೋಡುತ್ತಲೇ ಬಾಯಿಗೆ ಹಾಕಿಕೊಂಡಳು. ಅವಳು ಅಗಿದಳು, ನುಂಗಿದಳು. ತುಟಿಯನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿಕೊಂಡಳು. ಆಮೇಲೆ ಇನ್ನೊಂದು ಚೂರು ಮುರಿದಳು, ಈ ಸಲ ದೊಡ್ಡದು.

"ನಿನಗೆ ಕೇಕ್ ಇಷ್ಟ ಇಲ್ಲ ಅಂತಿದ್ಯಲ್ಲೇ?" ಎಂದಳು ಒಬ್ಬ ಗೆಳತಿ.

"ಸುಳ್ಳು ಹೇಳ್ತಿದ್ದೆ," ಎಂದಳು ಪಿಟೀಲು, ಬಾಯಿ ತುಂಬ ತುಂಬಿಕೊಂಡು.

ಮೇಸ್ತ್ರಿ ಎದ್ದು, ಎಲ್ಲರಿಗೂ ಬೆನ್ನು ಮಾಡಿ, ಗೋಡೆಯ ಮೇಲೆ ಕೈಯಾಡಿಸುತ್ತ ನಿಂತ. ಅದು ಅವನೇ ಮೆತ್ತಿದ ಗೋಡೆ. ಅಲ್ಲಿ ನೋಡುವಂಥದ್ದೇನೂ ಇರಲಿಲ್ಲ.