ಲೆಂಪಿಯ ಮಖಮಲ್ ಬಳ್ಳಿ

“ಇದು ನಮ್ಮ ಕಡೆ ಗಿಡ ಅಲ್ಲ ಕಣೇ. ಇದರ ಊರಲ್ಲಿ ಹಿಮ ಅಂದ್ರೆ ಏನು ಅಂತಾನೇ ಗೊತ್ತಿಲ್ಲ. ಅಲ್ಲಿ ದೊಡ್ಡ ಮರ ತಬ್ಬಿಕೊಂಡು ಹತ್ತುತ್ತಂತೆ. ಹತ್ತೋಕೆ ಏನಾದ್ರೂ ಸಿಕ್ರೆ ಒಂದಕ್ಕಿಂತ ಒಂದು ದೊಡ್ಡ ಎಲೆ ಬಿಡುತ್ತೆ, ಸಿಗ್ಲಿಲ್ಲ ಅಂದ್ರೆ ಮುನಿಸಿಕೊಂಡು ಅಂಗೈಯಷ್ಟು ಬಿಟ್ಟು ಸುಮ್ಮನಾಗುತ್ತೆ. ಎಳೇದು ತಾಮ್ರದ ಬಣ್ಣ, ಬಲಿತ ಮೇಲೆ ಕಪ್ಪು ಹಸಿರು. ಸವರಬೇಡ! ಮಖಮಲ್ ಇದ್ದಂಗಿದೆ ಅಂತ ಬಂದೋರೆಲ್ಲ ಸವರೋದೇ. ಮೊದಲು ಅಡುಗೆಮನೆಯಲ್ಲಿಟ್ಟೆ, ಸೌದೆ ಒಲೆಯ ಒಣ ಬಿಸಿಗೆ ಅಂಚೆಲ್ಲ ಕರಕಲಾಯ್ತು. ಮಲಗೋ ಕೋಣೆಯಲ್ಲಿಟ್ಟೆ, ಅಲ್ಲೂ ಒಣ ಗಾಳಿ, ಸುರುಳಿ ಬಿಚ್ಚಿಕೊಳ್ಳೋಕಾಗದೆ ಎಲೆ ಹರಿದುಹೋಯ್ತು. ಕೊನೆಗೆ ಸೌನಾದ ಹೊರಕೋಣೆಯಲ್ಲಿಟ್ಟೆ ನೋಡು. ಶನಿವಾರ ಶನಿವಾರ ಬಾಗಿಲ ಸಂದಿಯಿಂದ ಹಬೆ ಬಂತು, ಆಮೇಲೆ ಅದು ತಿರುಗಿ ನೋಡಿಲ್ಲ. ನಾವು ಮೈ ತೊಳ್ಕೊಳ್ಳೋದು ಅದಕ್ಕೆ ಮಳೆಗಾಲ.”

ಕಾಫಿಗೆ ಬಂದವರಿಗೆಲ್ಲ ಲೆಂಪಿ ರುವೋನಾ ಹೀಗೇ ಹೇಳುತ್ತಿದ್ದಳು. ಮಿಷಿಗನ್ನಿನ ಉತ್ತರದ ತುದಿಯಲ್ಲಿ, ಫಿನ್ನಿಷ್ ಜನರೇ ತುಂಬಿರುವ ಊರು ಅದು. ಅಲ್ಲಿ ಮನೆಗೊಂದು ಸೌನಾ ಇದ್ದೇ ಇರುತ್ತದೆ. ಒಳಗೆ ಕಲ್ಲು ಕಾಯಿಸಿ ನೀರು ಚಿಮುಕಿಸುವ ಹಬೆಕೋಣೆ, ಹೊರಗೆ ಬಟ್ಟೆ ಬಿಚ್ಚಿಡುವ ಚಿಕ್ಕ ಕೋಣೆ. ಒಲೆಗೆ ಸೌದೆ ಹಾಕುವ ಬಾಯಿಯೂ ಆ ಹೊರಕೋಣೆಯ ಕಡೆಗೇ ಇರುತ್ತದೆ.

ಲೆಂಪಿ ಕಾಲೇಜೊಂದರಲ್ಲಿ ನೆಲ ಒರೆಸುವ ಕೆಲಸಕ್ಕಿದ್ದಳು. ಅಲ್ಲಿಯ ಗಾಜಿನ ಹಸಿರುಮನೆ ಮುಚ್ಚಿದಾಗ ಕಸದ ಡಬ್ಬಿಗೆ ಹೊರಟಿದ್ದ ಒಂದು ಮೋಟು ಕಾಂಡವನ್ನು ಕೇಳಿ ತಂದಿದ್ದಳು. ಮಕ್ಕಳಿಲ್ಲದ ಮನೆ. ಗಂಡ ಆರ್ವೋ ಅದಕ್ಕೆ ಪಾಚಿ ಸುತ್ತಿದ ಕಂಬ ಮಾಡಿಕೊಟ್ಟ. ಬಳ್ಳಿ ಆಳೆತ್ತರ ಬೆಳೆಯಿತು, ಮೇಲಿನ ಎಲೆಗಳು ಮೊಳದುದ್ದವಾದವು. ಒಂದು ತುಂಡು ಕೊಡೇ ಎಂದು ಕೇಳದ ಗೆಳತಿಯಿಲ್ಲ. ಕಡಿದರೆ ಎಲೆ ಮತ್ತೆ ಚಿಕ್ಕದರಿಂದ ಶುರುವಾದೀತು ಎಂಬ ಹೆದರಿಕೆಗೆ, ಈ ಸಲ ಬೇಡ, ಮುಂದಿನ ಬೇಸಿಗೆಗೆ ನೋಡೋಣ ಎಂದು ಲೆಂಪಿ ಮುಂದೂಡುತ್ತಲೇ ಬಂದಳು.

ಆ ಚಳಿಗಾಲ ಅವಳ ಸೊಂಟದ ಕೀಲು ಬದಲಿಸಬೇಕಾಯಿತು. ಬೇಗ ಬರುತ್ತೇನೆಂದು ಹೋದವಳಿಗೆ ಗಾಯಕ್ಕೆ ಕೀವು ಹಿಡಿದು ಆಸ್ಪತ್ರೆಯಲ್ಲೇ ಉಳಿಯುವಂತಾಯಿತು. ಅದೇ ಹೊತ್ತಿಗೆ ಕೊರೆಯುವ ಚಳಿ ಬಿತ್ತು. ಹೊರಕೋಣೆಯ ಪುಟ್ಟ ಹೀಟರು ಕೆಟ್ಟಿದೆ, ಕಿಟಕಿಯ ಗಾಜಿನ ಒಳಬದಿಯಲ್ಲೇ ಮಂಜು ಕಟ್ಟಿದೆ, ಎಲೆ ಜೋತುಬೀಳುತ್ತಿದೆ ಎಂದು ಆರ್ವೋ ಫೋನು ಮಾಡಿದ. ಲೆಂಪಿ ಮಲಗಿದಲ್ಲಿಂದಲೇ ಯೋಚಿಸಿದಳು. ಮನೆಯೊಳಗೆ ಒಯ್ದರೆ ಒಣಗುತ್ತದೆ. ಹಬೆಕೋಣೆಗೇ ಸಾಗಿಸು, ಬೆಳಿಗ್ಗೆ ಎರಡೇ ಸಣ್ಣ ಸೌದೆ ಉರಿಸು, ಬೆಚ್ಚಗಿದ್ದರೆ ಸಾಕು ಎಂದಳು. ಆರ್ವೋ ಕುಂಡವನ್ನು ಗೋಣಿಯ ಮೇಲೆ ಕೂರಿಸಿ ಒಳಗೆಳೆದ. ಮಾರನೆಯ ದಿನ ಎಲೆ ಮತ್ತೆ ನಿಮಿರಿತು. ಅಂದು ಲೆಂಪಿ ನರ್ಸಮ್ಮನಿಗೂ ಆ ಸುದ್ದಿ ಹೇಳಿದಳು.

ಅವಳ ತಮ್ಮ ರೇನೋ ಎರಡು ಮನೆ ಆಚೆ ಇದ್ದ. ಭಾವ ದಿನವಿಡೀ ಆಸ್ಪತ್ರೆಯಲ್ಲಿ ಕೂತು ಬರುತ್ತಾನೆ, ಬಂದಾಗ ಮೈ ಕಾಯಿಸಿಕೊಳ್ಳಲಿ ಎಂದು ಒಂದು ಮಧ್ಯಾಹ್ನ ಹೋಗಿ ಸೌನಾ ಹೊತ್ತಿಸಿದ. ಕಷ್ಟದಲ್ಲಿರುವವರ ಸೌನಾ ಹೊತ್ತಿಸಿಕೊಡುವುದು ಅಲ್ಲಿಯವರಿಗೆ ಅಭ್ಯಾಸ, ಅದಕ್ಕೆ ಯಾರೂ ಯಾರನ್ನೂ ಕೇಳುವುದಿಲ್ಲ. ಹೊರಕೋಣೆಯಲ್ಲಿ ಬಳ್ಳಿ ಇಲ್ಲದ್ದು ಅವನ ಕಣ್ಣಿಗೆ ಬಿದ್ದಿತ್ತು. ಭಾವ ಮನೆಯೊಳಗೆ ಇಟ್ಟಿರಬೇಕು, ಒಳ್ಳೆಯದಾಯಿತು ಎಂದುಕೊಂಡು ಒಲೆಯ ಬಾಯಿ ತುಂಬ ಬರ್ಚ್ ಮರದ ಸೌದೆ ತುರುಕಿ ಮನೆಗೆ ಹೋದ. ಹಬೆಕೋಣೆಯ ಬಾಗಿಲು ತೆರೆಯುವ ಕೆಲಸವೇ ಅವನಿಗೆ ಬೀಳಲಿಲ್ಲ.

ಅಂದು ಸಂಜೆ ಆರ್ವೋ ಫೋನಿನಲ್ಲಿ ಊಟ ಆಯ್ತಾ ಎಂದು ಕೇಳಿದ. ಸ್ವಲ್ಪ ಹೊತ್ತಿಗೆ ಅದನ್ನೇ ಮತ್ತೆ ಕೇಳಿದ.

“ಏನಾಯ್ತು ಹೇಳು” ಎಂದಳು ಲೆಂಪಿ.

“ಬಾಗಿಲು ತೆಗೆದ್ರೆ ಬೇಯಿಸಿದ ಸೊಪ್ಪಿನ ವಾಸನೆ ಬಂತು ಲೆಂಪಿ.”

ಅವಳು ಎದ್ದು ಕೂರಲು ನೋಡಿದಳು, ಆಗಲಿಲ್ಲ. ಮೇಲಿನ ಎಲೆಗಳೆಲ್ಲ ಒದ್ದೆ ಬಟ್ಟೆಯಂತೆ ಕಂಬಕ್ಕೆ ಅಂಟಿವೆ, ಆದರೆ ಕುಂಡ ನೆಲದ ಮೇಲಿತ್ತು, ನೆಲ ಅಷ್ಟು ಕಾಯುವುದಿಲ್ಲ, ಬುಡ ಇನ್ನೂ ಗಟ್ಟಿಯಿದೆ ಎಂದು ಆರ್ವೋ ಹೇಳುತ್ತ ಹೋದ. ಕಡಿ ಎನ್ನಲೇ, ಹಾಗೇ ಬಿಡು ಎನ್ನಲೇ, ಕಣ್ಣಿಂದ ನೋಡದೆ ಹೇಗೆ ಹೇಳಲಿ ಎಂದು ಅವಳು ಬೆಳಗಾಗುವವರೆಗೂ ಒದ್ದಾಡಿದಳು.

ಊರುಗೋಲು ಹಿಡಿದು ಮನೆಗೆ ಬಂದವಳು ಕೋಟೂ ಬಿಚ್ಚದೆ, ಆರ್ವೋ ಹೀಟರು ಸರಿಮಾಡಿಸಿ ಹೊರಕೋಣೆಗೆ ವಾಪಸು ತಂದಿಟ್ಟಿದ್ದ ಕುಂಡದ ಮುಂದೆ ಕುರ್ಚಿ ಹಾಕಿಸಿಕೊಂಡಳು. ಚಾಕು ತಂದು ಮೇಲಿನಿಂದ ಕಾಂಡವನ್ನು ತುಂಡು ತುಂಡಾಗಿ ಕತ್ತರಿಸಿದಳು. ಒಳಗೆ ಕಂದು. ಇನ್ನಷ್ಟು ಕೆಳಗೆ, ಅಲ್ಲೂ ಕಂದು. ಮಣ್ಣಿನಿಂದ ಗೇಣು ಎತ್ತರದಲ್ಲಿ ಕೊನೆಗೂ ಬಿಳಿ ತಿರುಳು ಕಂಡಿತು. ಅಲ್ಲೊಂದು ಗಿಣ್ಣಿತ್ತು, ಗಿಣ್ಣಿನಲ್ಲಿ ಸೂಜಿಮೊನೆಯಂಥ ಮೊಗ್ಗು.

ಆಮೇಲಿನದು ಬರೀ ಕಾಯುವುದು. ನೀರು ಹಾಕಿದರೆ ಕೊಳೆತೀತು, ಬಿಟ್ಟರೆ ಒಣಗೀತು. ದಿನಕ್ಕೆ ಹತ್ತು ಸಲ ಬೆರಳಿಟ್ಟು ಮಣ್ಣು ನೋಡುವಳು, ನೀರಿನ ಲೋಟ ಎತ್ತುವಳು, ಕೆಳಗಿಡುವಳು. ಹಸಿರುಮನೆಯಲ್ಲಿ ಕೆಲಸ ಮಾಡಿದವನೊಬ್ಬನಿಗೆ ಫೋನು ಮಾಡಿಸಿದಳು. ಅವನೂ ಕಾದು ನೋಡಬೇಕಷ್ಟೆ ಅಂದ.

ರೇನೋ ಬೆಳಿಗ್ಗೆಯೂ ಬರುತ್ತಿದ್ದ, ಸಂಜೆಯೂ ಬರುತ್ತಿದ್ದ. ಒಂದು ದಿನ ಗಿಡಕ್ಕೆ ಗೊಬ್ಬರವಾಗುತ್ತದಂತೆ ಎಂದು ಮೊಟ್ಟೆ ಬೇಯಿಸಿದ ನೀರು ತಂದ. ಇನ್ನೊಂದು ದಿನ ಬೆಳಕು ಸಾಲದೆಂದು ದೀಪ ತಂದು ತೂಗುಹಾಕಿದ. ಅವನ ಹೆಂಡತಿ ಏಲಕ್ಕಿ ಬ್ರೆಡ್ಡು ಕಳಿಸಿದ್ದಳು, ಯಾರೂ ಮುಟ್ಟಲಿಲ್ಲ.

“ನನಗೆ ಒಂದು ಮಾತು ಬೈದುಬಿಡು” ಎಂದ ರೇನೋ.

“ಏನಂತ ಬೈಲಿ? ಒಳಗಿಡು ಅಂದೋಳು ನಾನು, ಇಟ್ಟೋನು ಅವನು, ಹೊತ್ತಿಸಿದೋನು ನೀನು. ಯಾರು ತಪ್ಪು ಮಾಡಿದ್ರು ಹೇಳು.”

“ಪೇಟೆಯಲ್ಲಿ ಇಂಥದ್ದೇ ಸಿಗುತ್ತಂತೆ. ತರಿಸ್ತೀನಿ.”

“ಅದರಲ್ಲಿ ಅಂಗೈಯಗಲದ ಒಂದೇ ಎಲೆ ಇರುತ್ತೆ ರೇನೋ. ಅದು ಮೊಳ ಆಗೋ ಹೊತ್ತಿಗೆ ನಾನೆಲ್ಲಿರ್ತೀನೋ.”

ಆರ್ವೋ ಒಲೆಯ ಬೂದಿ ಕೆದಕುತ್ತಿದ್ದ.

ಮೊಗ್ಗು ಒಂದಿಷ್ಟು ಉಬ್ಬಿತು. ಲೆಂಪಿ ಬಾಯಿಬಿಡಲಿಲ್ಲ, ಹೇಳಿಬಿಟ್ಟರೆ ಎಲ್ಲಿ ನಿಂತುಹೋಗುತ್ತದೋ ಎಂದು. ಆದರೆ ಆರ್ವೋ ಆಗಲೇ ನೋಡಿದ್ದ, ರೇನೋನೂ ನೋಡಿದ್ದ. ಅವರೂ ಅದೇ ಹೆದರಿಕೆಗೆ ಸುಮ್ಮನಿದ್ದರು.

ಒಂದು ಶನಿವಾರ ಬೆಳಿಗ್ಗೆ ಮೊಗ್ಗಿನ ತುದಿ ಕಪ್ಪಗಿತ್ತು. ಲೆಂಪಿ ಬೆರಳು ತಾಗಿಸಿದಳು. ಬಾಳೆಹಣ್ಣಿನ ಸಿಪ್ಪೆ ಜಾರಿದಂತೆ ಗಿಣ್ಣು, ಕಾಂಡ ಎಲ್ಲ ಸಡಿಲಾಗಿ ಅವಳ ಕೈಗೇ ಬಂತು.

ಪಕ್ಕದಲ್ಲಿ ನಿಂತಿದ್ದ ರೇನೋ ಮೆಲ್ಲಗೆ, “ಬೇರು ಬದುಕಿರಬಹುದು” ಎಂದ.

“ಮೂಸಿ ನೋಡು.”

ಅವನು ಬಗ್ಗಿ ಕುಂಡವನ್ನು ಮೂಸಿದ, ಕೊಳೆತ ನಾತ ಹೊಡೆಯಿತು. ಎದ್ದು ನಿಂತು ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತಿದ್ದ.

ಆರ್ವೋ ಬಾಗಿಲಲ್ಲಿ ತಲೆ ಹಾಕಿ, ಇವತ್ತು ಸೌನಾ ಹೊತ್ತಿಸೋದೋ ಬೇಡವೋ ಎಂದು ಕೇಳಿದ. ಗಂಡಸರಿಬ್ಬರೂ ಅವಳ ಮುಖ ನೋಡಿದರು.

“ಶನಿವಾರ ಅಲ್ವಾ, ಹೊತ್ತಿಸು. ರೇನೋ, ಹೆಂಡ್ತೀನೂ ಕರ್ಕೊಂಡು ಬಾ” ಎಂದಳು ಲೆಂಪಿ.

ಅವರಿಬ್ಬರೂ ಕುಂಡವನ್ನು ಎತ್ತಿ ಹೊರಗೊಯ್ದು, ಹಾಗೇ ಸೌದೆಗೆಂದು ಹೋದರು. ಕುಂಡ ಎತ್ತಿದ ಜಾಗದಲ್ಲಿ ನೆಲದ ಮೇಲೆ ದುಂಡಗೆ ಮಣ್ಣು ಕಟ್ಟಿತ್ತು. ಲೆಂಪಿ ಊರುಗೋಲನ್ನು ಗೋಡೆಗೆ ಒರಗಿಸಿದಳು, ಉದ್ದ ಹಿಡಿಯ ಒರೆಸುವ ಕೋಲನ್ನು ಬಕೆಟ್ಟಿನಲ್ಲಿ ಅದ್ದಿ ಹಿಂಡಿ, ಬೆಂಚಿನ ಕೆಳಗಿನಿಂದ ಬಾಗಿಲ ಕಡೆಗೆ ನೆಲ ಒರೆಸುತ್ತ ಬಂದಳು.