ಖಾಲಿ ಹೊಟ್ಟೆಯ ಪ್ರಶ್ನೆ

ಮಕ್ಕಳೇ, ನಿಮ್ಮ ಅಜ್ಜನ ವಿಷಯದಲ್ಲಿ ನಾನೊಂದು ಸುಳ್ಳು ಹೇಳಿದ್ದೆ. ಬಾಯಿಬಿಟ್ಟು ಹೇಳಲು ನಾಚಿಕೆ, ಅದಕ್ಕೇ ಬರೆಯುತ್ತಿದ್ದೇನೆ.

ಹೋದ ವರ್ಷ ಆವರಗೆರೆಯ ನಮ್ಮ ಮನೆಗೆ ಒಬ್ಬ ಸಂಶೋಧಕಿ ಬಂದಿದ್ದರು. ಮೇಡಂ ಎಂದೇ ಕರೆದೆವು. ಒಂದೇ ವಿಷ ಒಬ್ಬರ ಮೈಗೆ ಹೆಚ್ಚು, ಇನ್ನೊಬ್ಬರ ಮೈಗೆ ಕಡಿಮೆ ತಾಗುವುದೇಕೆ ಎಂಬುದು ಅವರ ಹುಡುಕಾಟ. ನಿಮ್ಮ ಅಜ್ಜ, ಅವರ ತಮ್ಮ ಇಬ್ಬರೂ ಒಂದೇ ಡ್ರಮ್ಮಿನಲ್ಲಿ ಕಲಸಿದ ಹುಳದ ಔಷಧಿಯನ್ನು ಭತ್ತಕ್ಕೆ ಹೊಡೆದವರು. ಮೈದುನನಿಗೆ ಒಂದು ದಿನ ತಲೆ ಕೂಡ ನೋಯಲಿಲ್ಲ. ನಿಮ್ಮ ಅಜ್ಜ ಬದುವಿನ ಮೇಲೆ ಕುಸಿದು ವಾಂತಿ ಮಾಡುತ್ತಿದ್ದರು. ಬರಬರುತ್ತ ಕೈ ನಡುಕ ಹತ್ತಿತು, ಅದರಲ್ಲೇ ಹೋದರು.

"ಔಷಧಿ ಹೊಡೆಯೋಕೆ ಮುಂಚೆ ಏನಾದ್ರೂ ತಿಂತಿದ್ರಾ?" ಎಂದರು ಮೇಡಂ.

ಮೈದುನ ಎದುರಿಗೇ ಕೂತಿದ್ದ. ಅವನೆದುರು ನನ್ನ ತಪ್ಪು ಒಪ್ಪಲಾಗದೆ "ಹ್ಞೂಂ" ಎಂದುಬಿಟ್ಟೆ. ನಿಜ ಗೊತ್ತಿದ್ದರೂ ಅವನು ನನ್ನ ಮರ್ಯಾದೆಗೆಂದು ತಿದ್ದಲಿಲ್ಲ.

ನಿಜ ಬೇರೆ. ಸ್ನಾನ, ಲಿಂಗಪೂಜೆಯಾಗದೆ ನಿಮ್ಮ ಅಜ್ಜ ಬಾಯಿಗೆ ಏನೂ ಹಾಕುತ್ತಿರಲಿಲ್ಲ. ಔಷಧಿ ಹೊಡೆದು ಬಂದಮೇಲೆ ಹೇಗೂ ಸ್ನಾನ ಮಾಡಬೇಕಲ್ಲ, ಎರಡೆರಡು ಸಲ ನೀರು ಕಾಯಿಸುವುದೇಕೆ ಎಂದು ನಾನೇ ಖಾಲಿ ಹೊಟ್ಟೆಯಲ್ಲಿ ಕಳಿಸುತ್ತಿದ್ದೆ. ಮೈದುನ ರೊಟ್ಟಿ ತಿಂದೇ ಹೊರಡುತ್ತಿದ್ದ. "ಅಣ್ಣ, ಶಿವ ನಿನ್ನಷ್ಟು ಬಿಗಿ ಇಲ್ಲ ಬಿಡು, ಎರಡು ತುತ್ತು ತಿಂದು ನಡಿ" ಎಂದು ನಗಾಡುತ್ತಿದ್ದ.

ಮೇಡಂ ಹೋದಮೇಲೆ ಕೂತಲ್ಲಿ ಕೂರಲಾಗಲಿಲ್ಲ. ಅಕ್ಕಿ ಆರಿಸಲು ಹೋದರೆ ಕಲ್ಲು ಕಣ್ಣಿಗೆ ಬೀಳದು. ನನ್ನ ಸುಳ್ಳಿನಿಂದ ಅವರ ಕೆಲಸವೆಲ್ಲ ಹಾಳಾದರೆ? ನಿಜ ಹೇಳಿ, ಕೊಂದವಳು ನಾನೇ ಎಂದಾದರೆ?

ಹರಿಹರದ ಒಂದು ಶಾಲೆಯಲ್ಲಿ ಪರೀಕ್ಷೆಗೆ ರೈತರ ರಕ್ತ ತೆಗೆಯುತ್ತೇವೆ ಎಂದು ಮೇಡಂ ಹೇಳಿದ್ದರು. ನಾಲ್ಕನೇ ದಿನ ಬಸ್ ಹತ್ತಿದೆ, ಇಳಿದೆ, ಮತ್ತೆ ಹತ್ತಿದೆ.

"ಹತ್ತೋದೋ ಇಳಿಯೋದೋ, ಒಂದು ಹೇಳ್ಬಿಡ್ರಿ ಅಜ್ಜಿ" ಎಂದ ಕಂಡಕ್ಟರ್. ಬಸ್ಸೆಲ್ಲ ನಕ್ಕಿತು. ಸೆರಗು ಹೊದ್ದು ಕೂತೆ.

ಮೇಡಂ ಮುಂದೆ ನಿಂತು, "ತಿಂತಿರ್ಲಿಲ್ರಿ. ನಾನೇ ಹಂಗೆ ಕಳಿಸ್ತಿದ್ದೆ" ಎಂದೆ. ಅವರು ಹಳೆಯ ಉತ್ತರದ ಮೇಲೆ ಗೀಟು ಎಳೆದು ಹೊಸದಾಗಿ ಬರೆದುಕೊಂಡರು.

"ತಿಂದಿದ್ರೆ ಉಳೀತಿದ್ರೇನ್ರಿ?"

"ಗೊತ್ತಿಲ್ಲಮ್ಮ. ಕೆಲವರ ಮೈ ಹುಟ್ಟಿನಿಂದ್ಲೇ ವಿಷಾನ ನಿಧಾನ ಕರಗಿಸುತ್ತೆ. ಅದು ಎಷ್ಟು, ಹಸಿವು ಎಷ್ಟು, ಅದನ್ನೇ ನೋಡ್ತಿದೀನಿ. ಆ ಗುಣ ಮಕ್ಕಳು ಮೊಮ್ಮಕ್ಕಳಿಗೂ ಬಂದಿರಬಹುದು, ನಿಮ್ಮ ಮಗನ ರಕ್ತನೂ ಬೇಕು."

ಹಗುರಾಗುತ್ತೇನೆ ಎಂದುಕೊಂಡು ಹೋಗಿದ್ದೆ. ವಾಪಸು ಬರುವಾಗ ನಿಮ್ಮ ಚಿಂತೆ ಹತ್ತಿತು. ನಿಮ್ಮ ಅಪ್ಪ ರಕ್ತ ಕೊಟ್ಟು ಬಂದಿದ್ದಾನೆ, ಉತ್ತರ ಇನ್ನೂ ಬಂದಿಲ್ಲ. ಬರುವ ತನಕ, ಔಷಧಿ ಹೊಡೆಯುವ ದಿನ ನಿಮ್ಮನ್ನು ಗದ್ದೆಗೆ ಬಿಡುವುದಿಲ್ಲ. ಬೈಯುವುದಾದರೆ ಬೈದುಕೊಳ್ಳಿ.